ಸೇವೆಯ ನೆಪದಲ್ಲಿ

ನಮ್ಮ ಮಹಿಳಾ ಸಮಾಜದ ಅಧ್ಯಕ್ಷರು ತೀರಿಕೊಂಡ ಮೇಲೆ ಸ್ಮರಣ ಸಂಚಿಕೆಗೆ ಎರಡು ಪುಟ ಬರೆದುಕೊಡಿ ಅಂದಿದ್ದರು. ಕಾರ್ಯದರ್ಶಿಯಾದವಳು ಒಲ್ಲೆ ಅನ್ನುವಂತಿಲ್ಲ, ಬರೆದುಕೊಟ್ಟೆ. ನಿಸ್ವಾರ್ಥ ಸೇವೆ, ಮಾತೃಹೃದಯ, ತುಂಬಲಾರದ ನಷ್ಟ, ಎಲ್ಲವನ್ನೂ ಹಾಕಿದ್ದೆ. ಅಚ್ಚಾಗಿ ಕೈಗೆ ಬಂದಾಗ ಓದಿ ನೋಡಿದರೆ ಯಾರೋ ಯಾರ ಬಗ್ಗೆಯೋ ಬರೆದ ಹಾಗಿತ್ತು. ಹೆಸರೊಂದನ್ನು ತೆಗೆದರೆ ಯಾವ ಊರಿನ ಯಾವ ಸಮಾಜದ ಅಧ್ಯಕ್ಷರಿಗಾದರೂ ಸಲ್ಲುವ ಮಾತು. ಅವರೇ ಇದ್ದಿದ್ದರೆ ಕೆಂಪು ಇಂಕಿನಲ್ಲಿ ಗೀಟು ಎಳೆದು, "ಇದೇನೇ ಇದು, ಸತ್ಯನಾರಾಯಣ ಪೂಜೆ ಕಥೆ ಥರ ಇದೆ" ಅಂತ ವಾಪಸ್ ಕೊಡುತ್ತಿದ್ದರು.

ಅಲ್ಲಿ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಬೇಡ. ಸಭೆಯಲ್ಲಿ ಅವರು 'ಅಧ್ಯಕ್ಷರು', ಹೊರಗೆ 'ಅಕ್ಕ'. ನನಗಿಂತ ಚಿಕ್ಕವರಿಗೂ ಅಕ್ಕ, ನಮ್ಮತ್ತೆಯ ವಾರಿಗೆಯವರಿಗೂ ಅಕ್ಕನೇ.

ಅಕ್ಕ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದವರು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಜಾಲಹಳ್ಳಿಯಲ್ಲಿ 1961ರಲ್ಲಿ ಶುರುವಾದ ಕಾರ್ಖಾನೆ ಅದು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮುಟದಲ್ಲಿ ಕೂದಲೆಳೆಯಂಥ ಸ್ಪ್ರಿಂಗ್ ಹಿಡಿದು ಕೂರಿಸುವ ಕೆಲಸ. ಜನತಾ, ಸೋನಾ, ಪೈಲಟ್ ಗಡಿಯಾರಗಳು ಈ ದೇಶದ ಎಷ್ಟು ಗಂಡಸರ ಕೈಗೆ ಮದುವೆಯ ದಿನ ಬಂದವೋ, ಅವುಗಳಲ್ಲಿ ಕೆಲವಾದರೂ ತಮ್ಮ ಕೈ ದಾಟಿ ಹೋದವು ಎಂಬ ಬಿಗುಮಾನ ಅವರಿಗಿತ್ತು. ಕಾರ್ಖಾನೆಯ ದೆಸೆ ಇಳಿಯುತ್ತ ಬಂದಾಗ ಸ್ವಯಂ ನಿವೃತ್ತಿ ತೆಗೆದುಕೊಂಡರು. ಗಂಡ ಬಿಇಎಲ್‌ನಲ್ಲಿ, ಇಬ್ಬರು ಗಂಡುಮಕ್ಕಳು ಓದುತ್ತಿದ್ದರು. ನಿವೃತ್ತಿಯ ಹಣ ಬ್ಯಾಂಕಿಗೆ ಹಾಕಿದ ವಾರವೇ ಸಮಾಜದ ಬಾಗಿಲು ತಟ್ಟಿದರಂತೆ. "ಮನೇಲಿ ಕೂತ್ರೆ ಹುಚ್ಚು ಹಿಡಿಯುತ್ತೆ ಅಂತ ಬಂದೆ" ಎಂದು ಅವರೇ ಹೇಳುತ್ತಿದ್ದರು. ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವರಲ್ಲಿ ಒಬ್ಬರೂ ಇದನ್ನು ಹೇಳಲಿಲ್ಲ.

ನಾನೂ ಸಮಾಜ ಸೇರಿದ್ದು ಸಮಾಜದ ಉದ್ಧಾರಕ್ಕಲ್ಲ. ಮದುವೆಯಾಗಿ ಈ ಕಡೆ ಬಂದಾಗ ಬಿ.ಕಾಂ. ಮುಗಿಸಿದ್ದೆ. ಯಜಮಾನರಿಗೆ ಪೀಣ್ಯ ಎರಡನೇ ಹಂತದ ಒಂದು ಮೆಷಿನ್ ಶಾಪಿನಲ್ಲಿ ಕೆಲಸ. ಮನೆಯಲ್ಲಿ ಅತ್ತೆ, ಮಾವ, ಮದುವೆಯಾಗದ ನಾದಿನಿ. ಆಗ ಪೀಣ್ಯದಲ್ಲಿ ಲೆಕ್ಕ ಬರೆಯುವವರಿಗೆ ಕೆಲಸಕ್ಕೇನೂ ಕೊರತೆ ಇರಲಿಲ್ಲ, ಎರಡು ಲೇತ್ ಇಟ್ಟವನಿಗೂ ಸೇಲ್ಸ್ ಟ್ಯಾಕ್ಸ್ ಪುಸ್ತಕ ಬರೆಯುವವರು ಬೇಕಿತ್ತು. ಆ ಮಾತು ಎತ್ತಿದೆ. "ಏನು ಕಮ್ಮಿಯಾಗಿದೆ ನಿಂಗೆ?" ಅಂದರು, ಅಲ್ಲಿಗೆ ಮುಗಿಯಿತು. ಆದರೆ ಬುಧವಾರ ಸಂಜೆ ನಾಲ್ಕಕ್ಕೆ ಸಮಾಜಕ್ಕೆ ಹೋಗಿ ಬರ್ತೀನಿ ಅಂದರೆ ಅತ್ತೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಎದುರು ಮನೆಯವರಿಗೆ "ನಮ್ಮ ಸೊಸೆ ಸಮಾಜದಲ್ಲಿದ್ದಾಳೆ" ಎಂದು ಹೇಳಿಕೊಳ್ಳುವುದೂ ಇತ್ತು.

ನಾಲ್ಕರಿಂದ ಆರು. ಆ ಹೊತ್ತಿನಲ್ಲಿ ಹಾಲು ಕಾಯಿಸಿದೆಯಾ, ಸಿಲಿಂಡರ್ ಬಂತಾ ಎಂದು ಯಾರೂ ಕೇಳುತ್ತಿರಲಿಲ್ಲ. ಗಣೇಶನ ಗುಡಿಯ ಪಕ್ಕದ ಮಹಡಿಯ ಮೇಲೆ ಒಂದು ಕೋಣೆ, ಎರಡು ಹೊಲಿಗೆ ಯಂತ್ರ, ಒಂದು ಗೋದ್ರೆಜ್ ಬೀರು, ಮಡಚುವ ಕುರ್ಚಿಗಳು. ಅನಾಥಾಲಯಕ್ಕೆ ಬೆಡ್‌ಶೀಟು, ಸರ್ಕಾರಿ ಶಾಲೆಗೆ ನೋಟ್ ಬುಕ್ಕು, ರಕ್ತದಾನ ಶಿಬಿರಕ್ಕೆ ಬಾಳೆಹಣ್ಣು ಎಂದು ಚರ್ಚಿಸಿ, ಠರಾವು ಬರೆದು, ಕೆಳಗಿನ ದರ್ಶಿನಿಯಿಂದ ತರಿಸಿದ ಕಾಫಿ ಕುಡಿದು ಎದ್ದು ಬರುತ್ತಿದ್ದೆವು. ಠರಾವಿಗಿಂತ ಕಾಫಿಯ ಹೊತ್ತೇ ಉದ್ದವಾಗಿರುತ್ತಿತ್ತು. ಬೇರೆಯವರ ಕಷ್ಟ ನನ್ನ ಪಾಲಿಗೆ ಹೊಸ್ತಿಲು ದಾಟುವ ಬಸ್ ಪಾಸ್ ಆಗಿತ್ತು. ಅದನ್ನು ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ತೋರಿಸಿಕೊಂಡು ಓಡಾಡಿದ್ದೇನೆ.

ಹೀಗೆ ಬರೆಯುವಾಗ ನಾಚಿಕೆಯಾಗಬೇಕಿತ್ತು. ಆಗುತ್ತಿಲ್ಲ. ಯಾಕೆ ಅನ್ನುವುದಕ್ಕೆ ಅಕ್ಕ ಹೇಳಿದ ಒಂದು ಮಾತಿದೆ.

ಅವರು ಚಾಮರಾಜಪೇಟೆಯ ಹುಡುಗಿ. ಚಿಕ್ಕಂದಿನಲ್ಲಿ ಮಕ್ಕಳ ಕೂಟಕ್ಕೆ ಹೋಗುತ್ತಿದ್ದರು, ಅದನ್ನು ಕಟ್ಟಿದ ಆರ್. ಕಲ್ಯಾಣಮ್ಮನವರನ್ನು ದೂರದಿಂದ ನೋಡಿದ ನೆನಪು ಇಟ್ಟುಕೊಂಡಿದ್ದರು. ಕಲ್ಯಾಣಮ್ಮ ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಅಂಥವರು ಮನೆಯ ಹಿಂದಿನ ಕೋಣೆಯಲ್ಲಿ ಜಪ, ಮಡಿ ಅಂದುಕೊಂಡು ಆಯುಸ್ಸು ಕಳೆಯಬೇಕಿದ್ದ ಕಾಲದಲ್ಲಿ, 1910ರ ದಶಕದಲ್ಲೇ, ಹೆಂಗಸರನ್ನು ಕೂಡಿಸಿ ಶಾರದಾ ಸ್ತ್ರೀ ಸಮಾಜ ನಡೆಸಿದರು. ಆಮೇಲೆ 'ಸರಸ್ವತಿ' ಮಾಸಪತ್ರಿಕೆಯನ್ನು ನಾಲ್ಕು ದಶಕ ನಡೆಸಿದರು. 1965ರಲ್ಲಿ ತೀರಿಕೊಂಡರು. ಅವರ ಜಯಂತಿಗೆ ನಮ್ಮಲ್ಲಿ ಒಮ್ಮೆ ಭಾಷಣ ಇಟ್ಟಿದ್ದೆವು. ಬಂದ ಅತಿಥಿ ತ್ಯಾಗ, ತಪಸ್ಸು ಎಂದೆಲ್ಲ ಒಂದು ಗಂಟೆ ಮಾತಾಡಿದರು. ಮೆಟ್ಟಿಲಿಳಿಯುವಾಗ ಅಕ್ಕ ಗೊಣಗಿದರು: "ಯಾವ ತ್ಯಾಗ? ಮನೇಲಿ ಕೂತಿದ್ರೆ ಆಯಮ್ಮ ಯಾರಿಗೂ ಬೇಕಾಗ್ತಿರಲಿಲ್ಲ. ಹೊರಗೆ ಬಂದ್ರು, ಊರಿಗೆಲ್ಲ ಬೇಕಾದ್ರು. ನಂಗಾದ್ರೂ ಅಷ್ಟೇ, ನಿಂಗಾದ್ರೂ ಅಷ್ಟೇ."

ಕಲ್ಯಾಣಮ್ಮನವರ ಮನಸ್ಸಿನಲ್ಲಿ ಏನಿತ್ತೋ ಅಕ್ಕನಿಗೆ ಹೇಗೆ ಗೊತ್ತು? ಆದರೆ ಅಕ್ಕನ ಮನಸ್ಸಿನಲ್ಲಿದ್ದದ್ದು ಅವತ್ತು ನನಗೆ ತಿಳಿಯಿತು. ನಾಲ್ಕು ಜನಕ್ಕೆ ಬೇಕಾಗಿರುವ ಸುಖ ಸಣ್ಣದಲ್ಲ. ಮನೆಯಲ್ಲಿ ಬೇಕಾಗುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಮನೆಯಲ್ಲಿ ನಾನು ಬೇಕಾಗಿದ್ದದ್ದು ಒಗ್ಗರಣೆಗೆ. ಇಲ್ಲಿ ನನ್ನ ಬಿ.ಕಾಂ. ಬೇಕಾಗಿತ್ತು.

ಅಕ್ಕನ ಬೇಕಾಗುವಿಕೆಯ ರೀತಿಯೇ ಬೇರೆ ಇತ್ತು. ಪೋಲಿಯೊ ಭಾನುವಾರಗಳಲ್ಲಿ ಅದು ಎದ್ದು ಕಾಣುತ್ತಿತ್ತು. 1995ರಲ್ಲಿ ದೇಶದಲ್ಲಿ ಪಲ್ಸ್ ಪೋಲಿಯೊ ಶುರುವಾದ ಮೇಲೆ ಆರೋಗ್ಯ ಇಲಾಖೆಯವರಿಗೆ ಬೂತಿನಲ್ಲಿ ಕೂರಲು ಸ್ವಯಂಸೇವಕರು ಬೇಕಾಗುತ್ತಿದ್ದರು, ಸಮಾಜದಿಂದ ನಾವು ಹೋಗುತ್ತಿದ್ದೆವು. ನನಗೆ ಬೂತೆಂದರೆ ಇಷ್ಟ. ಶಾಮಿಯಾನ, ಥರ್ಮಾಕೋಲ್ ಡಬ್ಬಿ, ಅಳುವ ಮಕ್ಕಳು, ಎಡಗೈ ಕಿರುಬೆರಳಿನ ಉಗುರಿಗೆ ಮಾರ್ಕರಿನ ಗುರುತು, ಕಾರ್ಪೊರೇಟರ್ ಬಂದಾಗ ತೆಗೆಯುವ ಫೋಟೊ. ಮಧ್ಯಾಹ್ನಕ್ಕೆ ಎಲ್ಲ ಮುಗಿದು ಮನೆಗೆ ಹೋಗಿ ಊಟ ಮಾಡಿ ಮಲಗಿದರೆ ಧನ್ಯತೆ ಅನ್ನಿಸುತ್ತಿತ್ತು.

ಅಕ್ಕನಿಗೆ ಬೂತು ಬೇಜಾರು. ಅವರ ಕಣ್ಣೆಲ್ಲ ಮರುದಿನದ ಮನೆಮನೆ ಭೇಟಿಯ ಮೇಲೆ. ಆ ಭೇಟಿಯಲ್ಲಿ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಮನೆಯ ಮಕ್ಕಳಿಗೆಲ್ಲ ಹನಿ ಹಾಕಿ ಆಗಿದ್ದರೆ 'ಪಿ', ಬೀಗ ಹಾಕಿದ್ದರೆ ಅಥವಾ ಮಗು ಸಿಗದಿದ್ದರೆ 'ಎಕ್ಸ್'. ಅಕ್ಕ ಎಕ್ಸ್ ಮನೆಗಳ ಪಟ್ಟಿ ಕೇಳಿ ತೆಗೆದುಕೊಳ್ಳುತ್ತಿದ್ದರು. ಹೆಗ್ಗನಹಳ್ಳಿ, ಲಗ್ಗೆರೆ ಕಡೆಯ ವಠಾರಗಳಲ್ಲಿ ಒಂದೊಂದು ಸಾಲಿಗೆ ಹತ್ತು ಬಾಗಿಲು, ತಾಯಂದಿರು ಬೆಳಗ್ಗೆ ಎಂಟಕ್ಕೇ ಗಾರ್ಮೆಂಟ್ಸಿಗೆ ಹೋಗಿರುತ್ತಿದ್ದರು. ಕಟ್ಟಡ ಕೆಲಸದ ಕಡೆ ರಾಯಚೂರು, ಯಾದಗಿರಿಯಿಂದ ಬಂದವರ ತಗಡಿನ ಶೆಡ್ಡುಗಳು, ಅಲ್ಲಿ ಎಕ್ಸ್ ಬರೆಯಲು ಬಾಗಿಲೇ ಇರುತ್ತಿರಲಿಲ್ಲ. ರಾತ್ರಿ ಏಳೂವರೆಗೆ, ತಾಯಂದಿರು ಮನೆ ಸೇರುವ ಹೊತ್ತಿಗೆ, ಅಕ್ಕ ಇಲಾಖೆಯ ಹುಡುಗಿಯನ್ನೂ ಐಸ್ ಡಬ್ಬಿಯನ್ನೂ ಎಳೆದುಕೊಂಡು ಹೊರಡುತ್ತಿದ್ದರು. ಎಕ್ಸನ್ನು ಅಂಗೈಯಿಂದ ಉಜ್ಜಿ ಅಳಿಸಿ ಪಿ ಬರೆಯುವಾಗ ಅವರ ಮುಖ ನೋಡಬೇಕಿತ್ತು. ಅದು ಕರುಣೆಯ ಮುಖ ಅಲ್ಲ. ಬ್ಯಾಲೆನ್ಸ್ ಶೀಟ್ ತಾಳೆಯಾದಾಗ ನನಗೆ ಆಗುತ್ತದಲ್ಲ, ಅಂಥದ್ದೇ ಒಂದು ತೃಪ್ತಿ. ವಾಚ್ ಫ್ಯಾಕ್ಟರಿಯ ಕಣ್ಣು ಒಂದು ಹಲ್ಲು ಕೂಡದ ಚಕ್ರವನ್ನು ಸಹಿಸುವುದಿಲ್ಲ. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೊ ಮುಕ್ತ ಪ್ರಮಾಣಪತ್ರ ಸಿಕ್ಕಾಗ ಟಿವಿಯಲ್ಲಿ ಯಾರ್ಯಾರದೋ ಮುಖ ತೋರಿಸಿದರು. ಅಕ್ಕ ಫೋನ್ ಮಾಡಿ "ನಮ್ಮ ಏರಿಯಾದ ಲೆಕ್ಕ ಸರಿ ಇತ್ತು ಅಂತಾಯ್ತು" ಅಂದು ಇಟ್ಟರು.

ಅವರ ಜೊತೆ ರಾತ್ರಿ ಹೋಗುವವಳು ನಾನಲ್ಲ. ಏಳೂವರೆಗೆ ನಮ್ಮನೆಯಲ್ಲಿ ಚಪಾತಿ ಲಟ್ಟಿಸುವ ಹೊತ್ತು. ನನ್ನ ಪಾಸು ಆರು ಗಂಟೆಗೇ ಮುಗಿಯುತ್ತಿತ್ತು.

ಅಕ್ಕನ ಇನ್ನೊಂದು ಮುಖವನ್ನೂ ಹೇಳಬೇಕು, ಇಲ್ಲದಿದ್ದರೆ ಇದೂ ಸ್ಮರಣ ಸಂಚಿಕೆಯಾಗಿಬಿಡುತ್ತದೆ. ಅವರು ಅಧ್ಯಕ್ಷಗಿರಿ ಬಿಡಲೇ ಇಲ್ಲ. ಪ್ರತಿ ವರ್ಷ ಮಹಾಸಭೆಯಲ್ಲಿ "ಈ ಸಲ ಯಾರಾದ್ರೂ ಹೊಸಬರು ಬನ್ನಿ" ಅನ್ನುವರು. ಯಾರೂ ಬಾಯಿ ಬಿಡುತ್ತಿರಲಿಲ್ಲ, ಬಿಟ್ಟವರಿಗೆ ಮುಂದಿನ ಬುಧವಾರ ಕಾಫಿಯ ಜೊತೆ ಒಂದೆರಡು ಕಹಿ ಮಾತು ಸಿಗುತ್ತಿತ್ತು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಆಡಳಿತ ಮಂಡಳಿಯ ಪಟ್ಟಿಯನ್ನು ವರ್ಷ ವರ್ಷ ರಿಜಿಸ್ಟ್ರಾರ್ ಕಚೇರಿಗೆ ಸಲ್ಲಿಸಬೇಕು. ನಾನು ಹಳೇ ಪಟ್ಟಿಯ ಜೆರಾಕ್ಸ್ ತೆಗೆದು ತಾರೀಕು ಬದಲಿಸುತ್ತಿದ್ದೆ. ಬೀರುವಿನ ಕೀಲಿ ಅವರ ಸೆರಗಿನ ಗಂಟಿನಲ್ಲೇ. ಹೊಲಿಗೆ ತರಗತಿಯ ಟೀಚರಿಗೆ ದಾರದ ರೀಲು ಬೇಕಾದರೂ ಅವರ ಮನೆಗೇ ಹೋಗಬೇಕು. ನಾನು ಇದನ್ನು ಸರ್ವಾಧಿಕಾರ ಎಂದು ಬೇರೆಯವರ ಹತ್ತಿರ ಗೊಣಗಿದ್ದೇನೆ. ಒಳಗೊಳಗೇ ಅದು ನನಗೆ ಅನುಕೂಲವಾಗಿತ್ತು ಎನ್ನುವುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಅಕ್ಕ ಇದ್ದಾರಲ್ಲ ಎಂಬ ಧೈರ್ಯದಲ್ಲಿ ನಾವೆಲ್ಲ ಅರ್ಧಂಬರ್ಧ ಕೆಲಸ ಮಾಡಿ ಪೂರ್ತಿ ಹೆಸರು ಪಡೆಯುತ್ತಿದ್ದೆವು.

ಭಾನುವಾರ ಮಧ್ಯಾಹ್ನ ಅಕ್ಕ ಸಮಾಜದ ಕೋಣೆ ತೆಗೆದು ಅರ್ಜಿ ಬರೆದುಕೊಡಲು ಕೂರುತ್ತಿದ್ದರು. ಮನೆಗೆ ನೆಂಟರು ಬರದ ಭಾನುವಾರ ನಾನೂ ಹೋಗುತ್ತಿದ್ದೆ. ಬರುತ್ತಿದ್ದವರಲ್ಲಿ ಬಹುಪಾಲು ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಮಧುಗಿರಿ, ಶಿರಾ, ಪಾವಗಡ, ಕುಣಿಗಲ್ ಕಡೆಯವರು. ರಜೆಯ ದಿನವೂ ತಲೆಗೂದಲಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿರುತ್ತಿತ್ತು. ಇಎಸ್‌ಐ ಕಾರ್ಡು, ರೇಷನ್ ಕಾರ್ಡು, ಎಲ್ಲಕ್ಕಿಂತ ಹೆಚ್ಚಾಗಿ ಪಿಎಫ್.

ಗಾರ್ಮೆಂಟ್ಸಿನವರ ಬದುಕಿನಲ್ಲಿ ಪಿಎಫ್ ಅಂದರೆ ಮುಪ್ಪಿನ ಹಣ ಅಲ್ಲ. ಮೂಲ ವೇತನದಲ್ಲಿ ನೂರಕ್ಕೆ 12 ಇವರದ್ದು ಹಿಡಿಯುತ್ತಾರೆ, ಮಾಲೀಕರೂ ಅಷ್ಟೇ ಹಾಕಬೇಕು, ಮಾಲೀಕರ ಪಾಲಿನಲ್ಲಿ 8.33 ಪಿಂಚಣಿಗೆ ಹೋಗುತ್ತದೆ. ಐದಾರು ವರ್ಷ ದುಡಿದು, ಕೆಲಸ ಬಿಟ್ಟು, ಎರಡು ತಿಂಗಳು ಕಾದು, ಆ ಹಣ ತೆಗೆದು ಸಾಲ ತೀರಿಸಿ ಅಥವಾ ತಂಗಿಯ ಮದುವೆ ಮಾಡಿ ಇನ್ನೊಂದು ಫ್ಯಾಕ್ಟರಿಗೆ ಸೇರುವುದು ಆಗಿನ ರೂಢಿ. ಫಾರಂ 19, ಫಾರಂ 10ಸಿ, ಎರಡೂ ನನಗೆ ಕಣ್ಣು ಮುಚ್ಚಿದರೂ ತುಂಬಲು ಬರುತ್ತಿತ್ತು. ತೊಡಕೆಲ್ಲ ಹೆಸರಿನದು. ಊರಲ್ಲಿ ಜಯಮ್ಮ, ಆಧಾರ್‌ನಲ್ಲಿ ಜಯಲಕ್ಷ್ಮಿ, ಫ್ಯಾಕ್ಟರಿಗೆ ಸೇರುವಾಗ ತಂಗಿಯ ಮಾರ್ಕ್ಸ್ ಕಾರ್ಡ್ ಕೊಟ್ಟಿದ್ದರಿಂದ ಅಲ್ಲಿ ತಂಗಿಯ ಹೆಸರು. ಮೂರು ಹೆಸರಿನ ಒಬ್ಬ ಹೆಂಗಸು ಎದುರಿಗೆ ಕೂತು, "ಮೇಡಂ, ನೀವೇ ಏನಾರ ಮಾಡಿ" ಅನ್ನುವಾಗ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು. ಬೀದಿಯಲ್ಲಿ ನಾನು ಇಂಥವರ ಹೆಂಡತಿ, ಇಂಥವರ ಸೊಸೆ. ಆ ಮೇಜಿನ ಹಿಂದೆ ಮೇಡಂ. ಆ ಕರೆಯ ರುಚಿ ನನಗೆ ಹತ್ತಿತ್ತು.

ಅದಕ್ಕೇ 2016ರ ಏಪ್ರಿಲ್ ನನಗೆ ಅಷ್ಟು ಚುಚ್ಚಿತು.

ಆ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿತು. ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಾಯಿತು. ಗಾರ್ಮೆಂಟ್ಸಿನ ಲೈನಿನಲ್ಲಿ 58ರ ಹೆಂಗಸನ್ನು ನಾನಂತೂ ಕಂಡಿಲ್ಲ. ನಲವತ್ತು ದಾಟುವುದರೊಳಗೆ ಬೆನ್ನು ಹೋಗಿರುತ್ತದೆ, ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಮುಟ್ಟದವರನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಏಪ್ರಿಲ್ 18, ಸೋಮವಾರ, ಹೊಸೂರು ರಸ್ತೆಯ ಬೊಮ್ಮನಹಳ್ಳಿ ಕಡೆ ಹೆಂಗಸರು ಫ್ಯಾಕ್ಟರಿ ಬಿಟ್ಟು ರಸ್ತೆಗೆ ಬಂದರು. ಮಂಗಳವಾರ ಇತ್ತ ಪೀಣ್ಯ, ಜಾಲಹಳ್ಳಿ ಕ್ರಾಸ್, ತುಮಕೂರು ರಸ್ತೆ. ಅತ್ತ ಹೆಬ್ಬಗೋಡಿಯಲ್ಲಿ ಪೊಲೀಸ್ ಠಾಣೆಯ ಬಳಿ ವಾಹನಗಳಿಗೆ ಬೆಂಕಿ ಬಿತ್ತು, ಲಾಠಿ ಬೀಸಿದರು, ಅಶ್ರುವಾಯು ಬಿಟ್ಟರು. ಗಾರ್ಮೆಂಟ್ ಲೇಬರ್ ಯೂನಿಯನ್ ಇತ್ತು, 'ಮುನ್ನಡೆ' ಇತ್ತು, ವರ್ಷಗಟ್ಟಲೆ ಈ ಹೆಂಗಸರ ನಡುವೆ ದುಡಿದ ಸಂಘಟನೆಗಳು. ಆದರೆ ಅವತ್ತಿನದನ್ನು ಯಾವ ಸಂಘಟನೆಯೂ ಕರೆದದ್ದಲ್ಲ. ಮಂಗಳವಾರ ಸಂಜೆಯೊಳಗೆ ಕೇಂದ್ರದ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಮೊದಲು ನಿಯಮಕ್ಕೆ ತಡೆ ಅಂದರು, ಆಮೇಲೆ ವಾಪಸ್ ಅಂದರು. ಎರಡೇ ದಿನ.

ಆ ಮಂಗಳವಾರ ನಾನು ಬ್ಯಾಂಕಿಗೆ ಹೊರಟಿದ್ದೆ. ಬಸ್ಸು ಮುಂದೆ ಹೋಗುವುದಿಲ್ಲ ಎಂದು ಕಂಡಕ್ಟರ್ ಎಲ್ಲರನ್ನೂ ಇಳಿಸಿದ. ರಸ್ತೆಯ ತುಂಬ ಹೆಂಗಸರು, ಹಲವರ ಕುತ್ತಿಗೆಯಲ್ಲಿ ಐಡಿ ಕಾರ್ಡು, ಕೈಯಲ್ಲಿ ಊಟದ ಬ್ಯಾಗು. ಮೇಲೆ ಮೆಟ್ರೋ ತನ್ನ ಪಾಡಿಗೆ ಹೋಗುತ್ತಿತ್ತು, ಅದರ ಕಿಟಕಿಗಳಲ್ಲಿ ಮೊಬೈಲ್ ಹಿಡಿದ ಕೈಗಳು. ಗುಂಪಿನಲ್ಲಿ ನನಗೆ ಪರಿಚಯದ ಮುಖಗಳಿದ್ದವು. ಒಬ್ಬಳ ಫಾರಂ 19 ಹೋದ ತಿಂಗಳು ತುಂಬಿಕೊಟ್ಟಿದ್ದೆ. ಅವಳು ನನ್ನನ್ನು ನೋಡಿದಳು, ನಕ್ಕಳು, ನಿಲ್ಲಲಿಲ್ಲ. ನನಗೆ ಆಗ ಬಂದದ್ದು ಹೆಮ್ಮೆಯಲ್ಲ, ಹೆದರಿಕೆಯೂ ಅಲ್ಲ. ಮದುವೆ ಮನೆಗೆ ಕರೆಯದೆ ಬಿಟ್ಟವರಿಗೆ ಆಗುವ ಸಿಟ್ಟು. ನಮಗೆ ಒಂದು ಮಾತು ಹೇಳಬಾರದಿತ್ತೇ? ಪಿಎಫ್ ವಿಷಯ ಇವರಿಗೆ ನಮಗಿಂತ ಚೆನ್ನಾಗಿ ಗೊತ್ತೇ? ಗೊತ್ತಿತ್ತು ಎನ್ನುವುದು ಆ ರಸ್ತೆಯಲ್ಲೇ ಕಾಣುತ್ತಿತ್ತು. ಫೆಬ್ರವರಿಯ ಆ ಅಧಿಸೂಚನೆಯನ್ನು ನಾನು ಓದಿಯೇ ಇರಲಿಲ್ಲ.

ಸೀದಾ ಅಕ್ಕನ ಮನೆಗೆ ಹೋದೆ. ಅವರು ಟಿವಿ ಮುಂದೆ ಕೂತಿದ್ದರು. ನನ್ನ ಸಿಟ್ಟನ್ನೆಲ್ಲ ಕಕ್ಕಿದೆ. ಮೊದಲು ಅವರೂ ಸೇರಿಕೊಂಡರು. ಬಸ್ಸಿಗೆ ಕಲ್ಲು ಹೊಡೆಯುವುದು ಯಾಕೆ, ನಾಳೆ ಕೆಲಸದಿಂದ ತೆಗೆದರೆ ಯಾರು ಗತಿ ಎಂದೆಲ್ಲ. ಸಂಜೆ ಸಚಿವರ ಹೇಳಿಕೆ ಬಂತು. ಅಕ್ಕ ಟಿವಿ ಸದ್ದು ಕಮ್ಮಿ ಮಾಡಿದರು. 1980ರ ಡಿಸೆಂಬರಿನಲ್ಲಿ ಐಟಿಐ, ಬಿಇಎಲ್, ಎಚ್‌ಎಎಲ್, ಬಿಇಎಂಎಲ್, ಎಚ್‌ಎಂಟಿ ಕಾರ್ಮಿಕರು ಹೂಡಿದ ಮುಷ್ಕರದಲ್ಲಿ ಅವರಿದ್ದರು. 77 ದಿನ ಸಂಬಳವಿಲ್ಲದೆ ನಡೆದದ್ದು. ಆ ಕಥೆಯನ್ನು ನಮಗೆ ಎಷ್ಟೋ ಸಲ ಹೇಳಿದ್ದರು. ಧರ್ಮಸ್ಥಳದ ಹುಂಡಿಗೆ ಎಂದು ತೆಗೆದಿಟ್ಟ ಕಾಸಿನಲ್ಲಿ ಅಕ್ಕಿ ತಂದದ್ದು, ಮೆರವಣಿಗೆಯಲ್ಲಿ ಗಂಡ ಒಂದು ಸಾಲಿನಲ್ಲಿ, ತಾನು ಇನ್ನೊಂದು ಸಾಲಿನಲ್ಲಿ. ಅವತ್ತು ಅದನ್ನು ಬೇರೆ ಥರ ಹೇಳಿದರು: "ನಮಗೆ ಯೂನಿಯನ್ ಇತ್ತು, ಲೀಡರುಗಳಿದ್ರು, ಕ್ವಾರ್ಟರ್ಸ್ ಇತ್ತು, ಕ್ಯಾಂಟೀನ್ ಇತ್ತು. 77 ದಿನ ಕೂತು ಕೇಳಿದ್ದು ಪೂರ್ತಿ ಸಿಗಲಿಲ್ಲ. ಇವಕ್ಕೆ ಏನೂ ಇಲ್ಲ ಕಣೆ." ಅದರಲ್ಲಿ ಅಭಿಮಾನ ಎಷ್ಟು, ಹೊಟ್ಟೆಕಿಚ್ಚು ಎಷ್ಟು ಎಂದು ನಾನು ಅಳೆಯಲಾರೆ. ಎರಡೂ ಇತ್ತು.

ಮುಂದಿನ ಭಾನುವಾರ, ರಸ್ತೆಯಲ್ಲಿ ನನ್ನನ್ನು ನೋಡಿ ನಕ್ಕಿದ್ದ ಆ ಹುಡುಗಿ ಮಗನ ಆಧಾರ್ ತಿದ್ದುಪಡಿಗೆ ಬಂದಳು. ಏನೂ ಆಗದವಳ ಹಾಗೆ ಸರತಿಯಲ್ಲಿ ಕೂತಿದ್ದಳು. ಅಕ್ಕ ಕೇಳಿದರು, "ಯಾರೇ ನಿಮಗೆಲ್ಲ ಹೇಳಿದ್ದು, ಹೊರಗೆ ಬನ್ನಿ ಅಂತ?"

"ಯಾರೂ ಹೇಳ್ಲಿಲ್ಲ ಅಕ್ಕ. ಪಕ್ಕದ ಲೈನ್ ಎದ್ದೋಯ್ತು. ನಾವೂ ಎದ್ವಿ."

ಅಕ್ಕ ತಲೆಯಾಡಿಸಿ ಫಾರಂ ತುಂಬತೊಡಗಿದರು. ಆಮೇಲೆ ಕೋಣೆಗೆ ಬೀಗ ಹಾಕುವಾಗ ನನ್ನನ್ನು ನಿಲ್ಲಿಸಿ, "ಇವರಲ್ಲಿ ಒಬ್ಬಳಾದ್ರೂ ನಮ್ಮ ಕಮಿಟೀಲಿ ಯಾಕಿಲ್ಲ?" ಅಂದರು. ಸದಸ್ಯತ್ವದ ಶುಲ್ಕ ದೊಡ್ಡದೇನಲ್ಲ. ಜಾತಿ, ಊರು ಕೇಳುವ ನಿಯಮವೂ ನಮ್ಮ ಬೈಲಾದಲ್ಲಿಲ್ಲ. ಕಾರಣ ಇಬ್ಬರಿಗೂ ಗೊತ್ತಿತ್ತು. ಬುಧವಾರ ನಾಲ್ಕು ಗಂಟೆಗೆ ಅವರು ಮೆಷಿನ್ ಮುಂದೆ ಇರುತ್ತಾರೆ. ಸಭೆಯ ಸೂಚನೆಯನ್ನು ಪ್ರತಿ ಸಲ ಬರೆಯುವವಳು ನಾನು.

ಮುಂದಿನ ಸಭೆಯಲ್ಲಿ ಅಕ್ಕ, ಇನ್ನು ಮೇಲೆ ಸಭೆಯನ್ನು ಭಾನುವಾರಕ್ಕೆ ಇಡೋಣ ಎಂದು ಪ್ರಸ್ತಾಪಿಸಿದರು. ಗುಜುಗುಜು ಎದ್ದಿತು. ಭಾನುವಾರ ಎಲ್ಲರೂ ಮನೆಯಲ್ಲಿರ್ತಾರೆ, ಮಗಳು ಅಳಿಯ ಬರ್ತಾರೆ, ಬಿಡಲ್ಲ. ಮೊದಲು ಮಾತಾಡಿದವಳು ನಾನೇ. ಇನ್ನೊಂದು ಸಭೆಯಲ್ಲಿ ನೋಡೋಣ ಅಂದೆ, ಉಳಿದವರು ಹೂಂ ಅಂದರು. ನಡಾವಳಿ ಪುಸ್ತಕದಲ್ಲಿ 'ವಿಷಯವನ್ನು ಮುಂದೂಡಲಾಯಿತು' ಎಂದು ಬರೆದು ಸಹಿಗೆ ಒಡ್ಡಿದೆ. ಯಾವತ್ತೂ ಮಣಿಯದ ಅಕ್ಕ ಆ ಪುಟಕ್ಕೆ ಮಾತಾಡದೆ ಸಹಿ ಹಾಕಿದರು.

ಇಲ್ಲಿಗೆ ಬಂದಾಗ ನಾನು ಎದೆ ಬಡಿದುಕೊಳ್ಳಬೇಕು ಎಂದು ಓದುವವರಿಗೆ ಅನ್ನಿಸಬಹುದು. ಎಷ್ಟು ಕೆದಕಿದರೂ ಅದು ಒಳಗಿನಿಂದ ಬರುತ್ತಿಲ್ಲ. ನನ್ನ ಬುಧವಾರವನ್ನು ನಾನು ಸುಮ್ಮನೆ ಪಡೆದದ್ದಲ್ಲ. ಅದಕ್ಕಾಗಿ ಬೆಳಗ್ಗೆ ಐದಕ್ಕೆದ್ದು ರಾತ್ರಿಯ ಸಾರಿಗೂ ಬೇಳೆ ಬೇಯಿಸಿಟ್ಟವಳು ನಾನು. ವಾರ ತಪ್ಪದೆ ಭಾನುವಾರ ಹೊರಡುತ್ತೇನೆ ಅಂದಿದ್ದರೆ ಮನೆಯಲ್ಲಿ ನಡೆಯಬೇಕಿದ್ದ ಜಗಳಕ್ಕೆ ನನ್ನ ಹತ್ತಿರ ಆಗ ತ್ರಾಣವಿರಲಿಲ್ಲ. ಮೆಷಿನ್ ಮುಂದಿನ ಹೆಂಗಸಿಗೆ ಸಿಗುವುದು ಭಾನುವಾರ ಒಂದೇ, ನನಗೆ ಖಾತ್ರಿಯಾಗಿ ಸಿಗದಿರುವುದೂ ಅದೊಂದೇ. ಇಬ್ಬರೂ ಅಕ್ಕತಂಗಿಯರು ಎಂದು ಮಹಿಳಾ ದಿನಾಚರಣೆಯ ಭಾಷಣದಲ್ಲಿ ಹೇಳುತ್ತೇವೆ, ಮೈಕಿನಲ್ಲಿ ನಾನೂ ಹೇಳಿದ್ದೇನೆ. ಅಕ್ಕತಂಗಿಯರಿಗೆ ಒಂದೇ ದಿನ ಬಿಡುವು ಸಿಗುವುದಿಲ್ಲ ಎಂಬುದನ್ನು ಯಾವ ಭಾಷಣದಲ್ಲೂ ಕೇಳಿಲ್ಲ. ನನ್ನ ಬಿಡುವನ್ನು ಕಾಪಾಡಿಕೊಳ್ಳಲು ನಾನು ಅವರನ್ನು ಫಲಾನುಭವಿಗಳಾಗಿಯೇ ಇಟ್ಟೆ. ಇದು ನನಗೆ ಗೊತ್ತಿದ್ದೇ ನಡೆದದ್ದು. ಅಕ್ಕನಿಗೂ ಗೊತ್ತಿತ್ತು. ಅವರು ಒಂದು ಸಲ ಪ್ರಸ್ತಾಪಿಸಿದರು, ಎರಡನೇ ಸಲ ಪ್ರಸ್ತಾಪಿಸಲಿಲ್ಲ. ಭಾನುವಾರ ಸಭೆಯಾದರೆ ಅರ್ಜಿ ತುಂಬುವ ಆ ಮಧ್ಯಾಹ್ನ ಅವರೊಬ್ಬರದ್ದಾಗಿ ಉಳಿಯುತ್ತಿರಲಿಲ್ಲ ಎಂಬುದೂ ಒಂದು ಕಾರಣ ಇರಬಹುದೇ? ಸತ್ತವರ ಬಗ್ಗೆ ಹೀಗೆ ಯೋಚಿಸಬಾರದು ಅನ್ನುತ್ತಾರೆ. ನನ್ನ ಬಗ್ಗೆ ಯೋಚಿಸಲು ಹೊರಟಾಗಲೆಲ್ಲ ದಾರಿ ಅವರ ಮನೆ ಮುಂದೆಯೇ ಹಾದುಹೋಗುತ್ತದೆ.

2020ರ ಲಾಕ್‌ಡೌನಿನಲ್ಲಿ ಅಕ್ಕನಿಗೆ ಎಪ್ಪತ್ತು ದಾಟಿತ್ತು. ಮಕ್ಕಳು ಹೊರಗೆ ಕಾಲಿಡಲು ಬಿಡಲಿಲ್ಲ. ಒಬ್ಬ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಇನ್ನೊಬ್ಬ ವೈಟ್‌ಫೀಲ್ಡಿನಲ್ಲಿ ಇದ್ದುಕೊಂಡೇ ದಿನಕ್ಕೆರಡು ಸಲ ವಿಡಿಯೊ ಕಾಲ್ ಮಾಡಿ ಅಮ್ಮ ಮನೆಯಲ್ಲಿದ್ದಾರೆಯೇ ಎಂದು ನೋಡುತ್ತಿದ್ದರಂತೆ. ಅಕ್ಕ ಅರ್ಜಿಗಳ ಮೇಲೆ ಬರೆದುಕೊಂಡಿದ್ದ ಫೋನ್ ನಂಬರುಗಳ ಪುಸ್ತಕ ತೆಗೆದು ಒಂದೊಂದಾಗಿ ಫೋನ್ ಮಾಡತೊಡಗಿದರು. ರೇಷನ್ ಬಂತಾ, ಸಂಬಳ ಹಾಕಿದ್ರಾ, ಊರು ಸೇರಿದ್ಯಾ. ಅರ್ಧಕ್ಕರ್ಧ ನಂಬರು ಸ್ವಿಚ್ ಆಫ್. ಸಿಗದ ನಂಬರುಗಳ ಮುಂದೆ ಪೆನ್ಸಿಲಿನಲ್ಲಿ ಎಕ್ಸ್ ಹಾಕಿದ್ದು ಆಮೇಲೆ ಆ ಪುಸ್ತಕ ನನ್ನ ಕೈಗೆ ಬಂದಾಗ ನೋಡಿದೆ. ಕೆಲವನ್ನು ರಬ್ಬರಿನಲ್ಲಿ ಅಳಿಸಿ ಪಿ ಬರೆದಿದ್ದರು. ಆ ಪುಟಗಳನ್ನು ಹೊರಳಿಸುವಾಗ ನನಗೆ ಅಳು ಬಂದದ್ದು ನಿಜ, ಜೊತೆಗೇ ಈ ಹೆಂಗಸು ಯಾರನ್ನೂ ಬಿಡುವುದಿಲ್ಲವಲ್ಲ ಎಂದು ನಗುವೂ ಬಂತು.

ಅದಾಗಿ ಎರಡು ವರ್ಷಕ್ಕೆ ಅಕ್ಕ ನಿದ್ದೆಯಲ್ಲೇ ಹೋದರು. ಹದಿನೈದನೇ ದಿನಕ್ಕೆ ಅವರ ಸೊಸೆ ಬೀರುವಿನ ಕೀಲಿ ತಂದುಕೊಟ್ಟಳು. ನಾನೇ ಅಧ್ಯಕ್ಷೆಯಾಗಬೇಕು ಎಂದು ಎಲ್ಲರೂ ಅಂದರು. ಬೇಡ ಅನ್ನುವಂತೆ ಎರಡು ಸಲ ಅಂದು ಒಪ್ಪಿದೆ. ಅಧ್ಯಕ್ಷರು ಎಂದು ಕರೆಸಿಕೊಳ್ಳುವುದು ಮೇಡಂ ಅನ್ನಿಸಿಕೊಳ್ಳುವುದಕ್ಕಿಂತ ಇನ್ನೂ ಒಂದು ತೂಕ ಹೆಚ್ಚು. ಎಕ್ಸ್ ಮನೆಗಳಿಗೆ ರಾತ್ರಿ ಹೋಗುವ ಕೆಲಸವನ್ನು ಈಗ ಆಶಾ ಕಾರ್ಯಕರ್ತೆಯರೇ ಮಾಡುತ್ತಾರೆ ಎಂದು ನಾನು ಸಮಾಧಾನ ಹೇಳಿಕೊಂಡಿದ್ದೇನೆ. ಪಿಎಫ್ ಎಲ್ಲ ಆನ್‌ಲೈನ್ ಆಗಿದೆ, ಬೀದಿ ಕೊನೆಯ ಸೈಬರ್‌ನವನು ಹಣ ತೆಗೆದುಕೊಂಡು ಮಾಡಿಕೊಡುತ್ತಾನೆ. ಭಾನುವಾರದ ಮೇಜಿಗೆ ಬರುವವರು ಕಮ್ಮಿಯಾಗಿದ್ದಾರೆ. ಬಂದವರು ಹೆಚ್ಚಾಗಿ ಮೈಕ್ರೋಫೈನಾನ್ಸ್ ಸಾಲದ ಕಾಗದ ಹಿಡಿದು ಬರುತ್ತಾರೆ. 2025ರಲ್ಲಿ ರಾಜ್ಯ ಸರ್ಕಾರ ಸಾಲ ವಸೂಲಿಯ ಕಿರುಕುಳಕ್ಕೆ ಕಡಿವಾಣ ಹಾಕುವ ಸುಗ್ರೀವಾಜ್ಞೆ ತಂದಾಗ ನಾನು ಈ ಸಲ ಅದನ್ನು ಪೂರ್ತಿ ಓದಿದೆ.

ಹೋದ ತಿಂಗಳು ಹೆಗ್ಗನಹಳ್ಳಿಯ ಇಬ್ಬರು ಸದಸ್ಯತ್ವದ ಫಾರಂ ತುಂಬಿ ಕೊಟ್ಟಿದ್ದಾರೆ. ಒಬ್ಬಳು ಟೈಲರ್, ಇನ್ನೊಬ್ಬಳು ಚೆಕಿಂಗ್‌ನಲ್ಲಿದ್ದಾಳೆ. ಫಾರಂ ಅವರೇ ತುಂಬಿದ್ದು, ಅಕ್ಷರ ದುಂಡಗಿದೆ. "ಮೀಟಿಂಗ್ ಭಾನುವಾರ ಇದ್ರೆ ನಾವೂ ಬತ್ತೀವಿ ಮೇಡಂ" ಎಂದು ಬಾಗಿಲಲ್ಲಿ ನಿಂತೇ ಹೇಳಿ ಹೋದರು. ಮಹಾಸಭೆಗೆ ದಿನ ಗೊತ್ತು ಮಾಡಬೇಕು, ಸೂಚನೆ ಇನ್ನೂ ಬರೆದಿಲ್ಲ. ಅತ್ತೆ ಮಾವ ಈಗಿಲ್ಲ, ನಾದಿನಿ ತುಮಕೂರಿನಲ್ಲಿದ್ದಾಳೆ. ಯಜಮಾನರು ರಿಟೈರ್ ಆಗಿ ಮನೆಯಲ್ಲೇ ಇದ್ದಾರೆ. ಭಾನುವಾರ ಮಧ್ಯಾಹ್ನ ಅವರಿಗೆ ಬಿಸಿ ಮುದ್ದೆಯೇ ಆಗಬೇಕು. ಮುದ್ದೆ ಕಟ್ಟುವುದನ್ನು ಈ ವಯಸ್ಸಿನಲ್ಲಿ ಅವರಿಗೆ ಹೇಳಿಕೊಡುವುದೋ, ಸಭೆಯನ್ನು ಸಂಜೆ ಐದಕ್ಕೆ ಇಡುವುದೋ ಎಂದು ಯೋಚಿಸುತ್ತಿದ್ದೇನೆ. ಐದಕ್ಕೆ ಇಟ್ಟರೆ ಆ ಇಬ್ಬರಿಗೆ ನೀರು ಹಿಡಿಯುವ ಹೊತ್ತಂತೆ, ಫೋನ್ ಮಾಡಿ ಕೇಳಿದೆ.